ಸೇನೆಯಲ್ಲಿ 24 ವರ್ಷ ಮುಗಿಸಿ ಊರಿಗೆ ಬರ್ತಿದ್ದೇನೆ: ಬ್ಯಾಂಕ್ ಪರೀಕ್ಷೆಯಾ, ಬೆಂಗಳೂರಿನ ಸೆಕ್ಯುರಿಟಿ ಕೆಲಸವಾ, ಅಪ್ಪನ ತೋಟವಾ?

ತಂಬಿ_ಮಕ್ಕಂದೂರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಓದ್ತಾ ಇರ್ತೇನೆ, ಬರೆಯೋದು ಇದೇ ಮೊದಲು. ಕನ್ನಡದಲ್ಲಿ ಇಷ್ಟುದ್ದ ಬರೆದು ಬಹಳ ವರ್ಷ ಆಯ್ತು, ತಪ್ಪಿದ್ರೆ ಸುಧಾರಿಸ್ಕೊಳ್ಳಿ.

ನಾನು ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ ಹವಾಲ್ದಾರ್. 2002ರಲ್ಲಿ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟ್ ಹಿಡ್ಕೊಂಡು ಹಲಸೂರು ಕೆರೆ ಪಕ್ಕದ ಸೆಂಟರಿಗೆ ಭರ್ತಿಯಾದಾಗ 19 ವರ್ಷ. ಬರುವ ಏಪ್ರಿಲ್ 30ಕ್ಕೆ 24 ವರ್ಷ ತುಂಬಿ ಪೆನ್ಶನ್. ನಮ್ಮ ಗ್ರೂಪಿನವರನ್ನು ಇಡೀ ಸೇನೆಯಲ್ಲಿ ‘ತಂಬಿ’ ಅಂತಲೇ ಕರೆಯೋದು, ಹಾಗಾಗಿ ಈ ಹೆಸರು. ತಮಿಳಿನವ ಅಂದ್ಕೋಬೇಡಿ, ಮನೆಯಲ್ಲಿ ಅರೆಭಾಷೆ.

ನನ್ನ ಕೆಲಸ ಸೇತುವೆ. ಬೈಲಿ ಬ್ರಿಜ್ ನೋಡಿರಬಹುದು. ಹತ್ತು ಅಡಿ ಉದ್ದದ ಕಬ್ಬಿಣದ ಪ್ಯಾನೆಲ್, ಒಂದೊಂದು ಸುಮಾರು 260 ಕೆ.ಜಿ., ಆರು ಜನ ಸೇರಿ ಎತ್ತಬೇಕು. ಅದನ್ನು ಮಳೆಯಲ್ಲಿ, ರಾತ್ರಿಯಲ್ಲಿ, ಲೈಟ್ ಹಾಕದೆ ಜೋಡಿಸೋಕೆ ಬರ್ತದೆ. ಇದನ್ನು ಮಡಿಕೇರಿ ಪೇಟೆಯಲ್ಲಿ ಯಾರಿಗೆ ಮಾರೋದು?

ಮನೆ ಕಡೆ ಹೀಗಿದೆ. ಅಪ್ಪನಿಗೆ 74. ನಾಲ್ಕು ಎಕರೆ ತೋಟ ಇತ್ತು, ಹೆಚ್ಚಿನದು ರೋಬಸ್ಟಾ, ನಡುನಡುವೆ ಮೆಣಸಿನ ಬಳ್ಳಿ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಮೇಲಿನ ಒಂದು ಎಕರೆ ಹೋಯ್ತು. ಆಗ ನಾನು ಅರುಣಾಚಲದಲ್ಲಿ ಬೇರೆಯವರ ಊರಿಗೆ ಸೇತುವೆ ಹಾಕ್ತಾ ಇದ್ದೆ. ಮನೆಯವರ ಜೊತೆ ಮಾತಾಡೋಕೆ ಸಿಕ್ಕಿದ್ದು ಐದನೇ ದಿನ. ಹೆಂಡತಿ ಕುಶಾಲನಗರದಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಟೀಚರ್, ಅಲ್ಲೇ ಬಾಡಿಗೆ ಮನೆ. ಮಗಳು ಒಂಬತ್ತನೇ ಕ್ಲಾಸು.

ಈಗ ಮೂರು ದಾರಿ ಕಾಣ್ತಿದೆ. ನಮ್ಮದೇ ಯೂನಿಟ್ಟಿನಿಂದ ಹೋದವರೊಬ್ಬರು ಬೆಂಗಳೂರಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸ ಕೊಡಿಸ್ತೇನೆ ಅಂತಿದ್ದಾರೆ. ಇನ್ನೊಬ್ಬರು ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಬರಿ ಅಂತಾರೆ. ಅಪ್ಪ ಏನೂ ಹೇಳೋದಿಲ್ಲ, ಆದ್ರೆ ಫೋನ್ ಮಾಡಿದಾಗೆಲ್ಲ ತೋಟಕ್ಕೆ ಆಳು ಸಿಗ್ತಿಲ್ಲ ಅಂತ ಮಾತ್ರ ಹೇಳ್ತಾರೆ. ನಾಲ್ಕನೆಯದು ಬಾವನದ್ದು: ಪೆನ್ಶನ್ ಕಮ್ಯೂಟ್ ಮಾಡಿ, ಅಂದ್ರೆ ಅದರ ಒಂದು ಭಾಗವನ್ನು ಒಂದೇ ಸಲಕ್ಕೆ ಮುಂಗಡ ತಗೊಂಡು, ಬರೋ ಹಣದಲ್ಲಿ ಹೋಂಸ್ಟೇ ಕಟ್ಟು ಅಂತ.

ಒಂದು ವಿಷಯ ಹೇಳ್ಲೇಬೇಕು. ಅಕ್ಟೋಬರಿನಲ್ಲಿ ರಜೆಗೆ ಬಂದಿದ್ದೆ. ನಾಲ್ಕೂವರೆಗೆ ಎಚ್ಚರ ಆಯ್ತು. ಅಂಗಳ ಗುಡಿಸಿದೆ, ಕಣದ ಸುತ್ತ ಕಳೆ ತೆಗೆದೆ, ಮೋಟರ್ ಬಿಚ್ಚಿ ಸರಿ ಮಾಡಿದೆ, ಕತ್ತಿಗಳನ್ನೆಲ್ಲ ಮಸೆದಿಟ್ಟೆ. ಗಂಟೆ ನೋಡಿದ್ರೆ ಎಂಟು. ಇನ್ನೇನು ಮಾಡ್ಲಿ ಅಂತ ಅಪ್ಪನ ಮುಂದೆ ಹೋಗಿ ನಿಂತೆ. ಅವರು ಬೆಲ್ಲದ ಕಾಫಿ ಕುಡೀತಾ, ‘ಕೂತ್ಕೊ ಮಗ, ಹಣ್ಣಾಗ್ಲಿಕ್ಕೆ ಇನ್ನೂ ಎರಡು ತಿಂಗಳುಂಟು’ ಅಂದ್ರು. ಆವತ್ತು ಹೆದರಿಕೆ ಆಯ್ತು, ಸುಳ್ಳು ಹೇಳಲ್ಲ.

ಈ ದಾರಿಯಲ್ಲಿ ಮೊದಲೇ ನಡೆದವರು ದಯವಿಟ್ಟು ಹೇಳಿ.

ಕೌಂಟರ್_3_ಗೋಣಿಕೊಪ್ಪ:

ತಂಬಿ, ನೀನು ಅಂತಲೇ ಬರೀತೇನೆ, ಬೇಜಾರಾಗಬೇಡ. ನಾನು ಆರ್ಟಿಲರಿ. 1987ರಿಂದ 2013, ನಾಯಬ್ ಸುಬೇದಾರ್ ಆಗಿ ಹೊರಗೆ ಬಂದವ. ಈಗ ಸರ್ಕಾರಿ ಬ್ಯಾಂಕೊಂದರಲ್ಲಿ ಕ್ಲರ್ಕ್. ನಿನ್ನ ಪಟ್ಟಿಯಲ್ಲಿ ಎರಡನ್ನು ಮಾಡಿ ನೋಡಿದ್ದೇನೆ, ಅದೂ ತಪ್ಪು ಕ್ರಮದಲ್ಲಿ.

ಮೊದಲು ಮಾಡಿದ್ದು ಸೆಕ್ಯುರಿಟಿ. ಬೆಂಗಳೂರಿನಲ್ಲಿ ಔಟರ್ ರಿಂಗ್ ರೋಡಿನ ಒಂದು ಟೆಕ್ ಪಾರ್ಕು. ಫೋನಿನಲ್ಲಿ ಹೇಳಿದ್ದು ‘ಸೆಕ್ಯುರಿಟಿ ಆಫೀಸರ್’ ಅಂತ. ಹೋಗಿ ನೋಡಿದ್ರೆ ದಿನಕ್ಕೆ 12 ಗಂಟೆ ಗೇಟು. ಬದಲಿ ಜನ ಸಿಕ್ಕಿದ್ರೆ ವಾರದ ರಜೆ, ಇಲ್ಲಾಂದ್ರೆ ಇಲ್ಲ. ಮೊದಲ ತಿಂಗಳ ಸಂಬಳದಲ್ಲಿ ಯೂನಿಫಾರ್ಮಿನ ದುಡ್ಡು ಹಿಡಿದ್ರು. ಮಾರತ್ತಹಳ್ಳಿಯಲ್ಲಿ ಒಂದು ರೂಮಿನಲ್ಲಿ ಐದು ಜನ, ಹಗಲು ಪಾಳಿಯವ ಎದ್ದ ಹಾಸಿಗೆಯಲ್ಲೇ ರಾತ್ರಿ ಪಾಳಿಯವ ಮಲಗೋದು.

ಒಂದು ದಿನ ಒಬ್ಬ ಹುಡುಗ ಐಡಿ ಕಾರ್ಡ್ ಇಲ್ದೆ ಒಳಗೆ ಹೊರಟ. 23 ಇರಬಹುದು. ತಡೆದೆ. ಕಿವಿಯಲ್ಲಿ ಇಯರ್‌ಫೋನ್, ಯಾರ ಜೊತೆಗೋ ಮಾತು. ನನ್ನ ಮುಖ ಕೂಡ ನೋಡಲಿಲ್ಲ, ಅಂಗೈ ತೋರಿಸಿದ, ನಿಲ್ಲು ಅನ್ನೋ ಹಾಗೆ. ಸಿಯಾಚಿನ್ ಬೇಸ್ ಕ್ಯಾಂಪಿನಲ್ಲಿ ನನ್ನ ಕೈಕೆಳಗೆ 40 ಜನ ಇದ್ರು. ಆ ಅಂಗೈ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆದ್ರೆ ಕೆಲಸ ಬಿಟ್ಟದ್ದು ಅದಕ್ಕಲ್ಲ. ಪಿಎಫ್ ಪಾಸ್‌ಬುಕ್ ತೆಗೆದು ನೋಡಿದಾಗ ಮೂರು ತಿಂಗಳಿನದ್ದು ಕಟ್ಟಿರಲಿಲ್ಲ. ಸಂಬಳದಲ್ಲಿ ಕಡಿತ ಆಗಿತ್ತು, ಖಾತೆಗೆ ಬಂದಿರಲಿಲ್ಲ. ಕೇಳಿದ್ರೆ ‘ಆಗ್ತದೆ ಸಾಬ್’. ಆ ‘ಸಾಬ್’ ಒಂದನ್ನು ಮಾತ್ರ ಅವರು ಧಾರಾಳವಾಗಿ ಕೊಡ್ತಿದ್ರು. 11 ತಿಂಗಳಿಗೆ ಬಿಟ್ಟು ಬಂದೆ. ಎಲ್ಲ ಏಜೆನ್ಸಿಯೂ ಹೀಗಲ್ಲ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ, ಅದೇ ಡಿಜಿಆರ್, ಪ್ರಾಯೋಜಿಸಿದ ಏಜೆನ್ಸಿಗಳೂ ಉಂಟು. ಹೋಗೋದೇ ಆದ್ರೆ ಅದನ್ನು ಮೊದಲು ಕೇಳು, ನೇಮಕಾತಿ ಪತ್ರ ಕೈಗೆ ಬಾರದೆ ಬಸ್ ಹತ್ತಬೇಡ.

ಇನ್ನು ಬ್ಯಾಂಕ್. ಸರ್ಕಾರಿ ಬ್ಯಾಂಕುಗಳಿಗೆ ಜನ ಆರಿಸುವ ಐಬಿಪಿಎಸ್ ಕ್ಲರ್ಕ್ ಪರೀಕ್ಷೆಗೆ ಸಾಮಾನ್ಯ ವಯೋಮಿತಿ 28. ನಮ್ಮಂಥವರಿಗೆ ಸೇವೆ ಮಾಡಿದಷ್ಟು ವರ್ಷ, ಅದರ ಮೇಲೆ ಇನ್ನೂ 3 ವರ್ಷ ಸಡಿಲಿಕೆ, ಒಟ್ಟು 50 ದಾಟಬಾರದು. ನಿನಗೆ 43, ಚಿಂತೆ ಇಲ್ಲ. ಡಿಗ್ರಿ ಇಲ್ಲ ಅಂತ ಹಿಂದೆ ಸರಿಯಬೇಡ. ಎಸ್ಸೆಸ್ಸೆಲ್ಸಿ ಆಗಿ 15 ವರ್ಷಕ್ಕೆ ಕಮ್ಮಿ ಇಲ್ಲದ ಸೇವೆ, ಜೊತೆಗೆ ಆರ್ಮಿ ಸ್ಪೆಷಲ್ ಸರ್ಟಿಫಿಕೇಟ್ ಆಫ್ ಎಜುಕೇಶನ್ ಇದ್ರೆ ಅರ್ಜಿ ಹಾಕಬಹುದು. ಆ ಸರ್ಟಿಫಿಕೇಟ್ ನಿನ್ನ ಹತ್ರ ಉಂಟಾ? ಇಲ್ಲದಿದ್ರೆ ಏಪ್ರಿಲ್ ಒಳಗೆ ಯೂನಿಟ್ಟಿನಲ್ಲಿ ವಿಚಾರಿಸು. ಬಿಡುಗಡೆಗೆ ಒಂದು ವರ್ಷದೊಳಗೆ ಇರುವವರೂ ಅರ್ಜಿ ಹಾಕಬಹುದು ಅನ್ನೋದು ನಮ್ಮ ಹುಡುಗರಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ. ಗುಮಾಸ್ತ ದರ್ಜೆಯಲ್ಲಿ ಮಾಜಿ ಸೈನಿಕರಿಗೆ ಸರ್ಕಾರಿ ಬ್ಯಾಂಕುಗಳಲ್ಲಿ ಶೇ. 14.5 ಮೀಸಲು. ಕನ್ನಡ ಭಾಷಾ ಪರೀಕ್ಷೆಯೂ ಉಂಟು, ಅದಕ್ಕೆ ನೀನು ಇಲ್ಲಿ ಬರೆದಷ್ಟು ಕನ್ನಡ ಧಾರಾಳ ಸಾಕು.

ಪ್ರಿಲಿಮ್ಸ್, ಅಂದ್ರೆ ಮೊದಲ ಹಂತದ ಪರೀಕ್ಷೆ, 60 ನಿಮಿಷಕ್ಕೆ 100 ಪ್ರಶ್ನೆ. ಇಂಗ್ಲಿಷ್ 30, ಲೆಕ್ಕ 35, ರೀಸನಿಂಗ್ 35. ತಪ್ಪಾದ ನಾಲ್ಕಕ್ಕೆ ಒಂದು ಅಂಕ ಹೋಗ್ತದೆ. ನಾನು ಮಗಳ ಏಳನೇ ಕ್ಲಾಸಿನ ಗಣಿತ ಪುಸ್ತಕದಿಂದ ಶುರು ಮಾಡಿದೆ. ಶೇಕಡಾ, ಅನುಪಾತ, ದೋಣಿ ಪ್ರವಾಹದ ವಿರುದ್ಧ ಹೋದ್ರೆ ಎಷ್ಟು ಗಂಟೆ ಅಂತೆಲ್ಲ. (ದೋಣಿ ಲೆಕ್ಕ ನಿನಗೆ ಸುಲಭ ಆಗಬೇಕಪ್ಪ, ಸೇತುವೆ ಕಟ್ಟೋ ಸ್ಯಾಪರ್ ಅಲ್ವಾ!) ಮೊದಲ ಸಲ ಫೇಲಾದೆ. ಯಾಕೆ ಗೊತ್ತಾ? ಒಂದು ಪ್ರಶ್ನೆ ಬಿಡಿಸದೆ ಮುಂದಿನದಕ್ಕೆ ಹೋಗೋಕೆ ಮನಸ್ಸೇ ಬರಲಿಲ್ಲ. ಸೇನೆಯಲ್ಲಿ ಕೊಟ್ಟ ಕೆಲಸ ಅರ್ಧಕ್ಕೆ ಬಿಟ್ರೆ ಮಾರ್ಚ್ ಮಾಡಿಸಿ ಕಮಾಂಡಿಂಗ್ ಆಫೀಸರ್ ಮುಂದೆ ನಿಲ್ಲಿಸ್ತಾರೆ. ಇಲ್ಲಿ ಬಿಟ್ಟು ಮುಂದೆ ಹೋದವನೇ ಪಾಸು. ಅದನ್ನು ಕಲಿಯೋಕೆ ನನಗೆ ಒಂದು ವರ್ಷ ಹಿಡೀತು. ಮಗಳು ಮೊಬೈಲಿನಲ್ಲಿ ಟೈಮರ್ ಇಟ್ಟು, 40 ಸೆಕೆಂಡ್ ಆದ ತಕ್ಷಣ ಪುಸ್ತಕದ ಮೇಲೆ ಕೈ ಇಡ್ತಿದ್ಲು.

ಮೊದಲ ಪೋಸ್ಟಿಂಗ್ ಕಲಬುರಗಿ ಜಿಲ್ಲೆ. ಬ್ಯಾಂಕ್ ಕೆಲಸ ಅಂದ್ರೆ ಮನೆಯಿಂದ ಟಿಫಿನ್ ಕಟ್ಕೊಂಡು ಹೋಗೋದು ಅಂತ ನಿನ್ನ ಹೆಂಡತಿಗೆ ಹೇಳಿಡಬೇಡ. ಗೋಣಿಕೊಪ್ಪಕ್ಕೆ ಬರೋಕೆ ಮೂರು ವರ್ಷ ಆಯ್ತು.

ಬ್ರಾಂಚಿನ ಮ್ಯಾನೇಜರ್‌ಗೆ 29. ಆ ಹುಡುಗಿ ನನ್ನ ಟೇಬಲ್ ಹತ್ರ ಬಂದಾಗೆಲ್ಲ ನಾನು ಎದ್ದು ನಿಲ್ತಿದ್ದೆ. ಬೇಕಂತ ಅಲ್ಲ, ಕಾಲು ತಾನಾಗಿ ಎದ್ದು ಬಿಡ್ತಿತ್ತು. ಒಂದು ವಾರ ನೋಡಿ, ‘ಸರ್, ನೀವು ನಿಂತ್ರೆ ನನಗೆ ಕೆಲಸ ಹೇಳೋಕೆ ಆಗಲ್ಲ, ನಮ್ಮಪ್ಪ ನಿಂತ ಹಾಗಾಗ್ತದೆ’ ಅಂದ್ಲು. ಫೋನ್ ಎತ್ತಿದ್ರೆ ‘ಜೈ ಹಿಂದ್’. ರಿಜಿಸ್ಟರಿನಲ್ಲಿ ಮಧ್ಯಾಹ್ನ ಎರಡೂವರೆಗೆ 1430 ಅಂತ ಬರೆದು ಬಿಡ್ತಿದ್ದೆ. ಕ್ಯಾಶ್‌ನಲ್ಲಿ ಕೂತ ಮೂರನೇ ದಿನ ಸಂಜೆ ಲೆಕ್ಕಕ್ಕೆ 4,500 ರೂಪಾಯಿ ಕಮ್ಮಿ. ಎಂಟೂವರೆ ತನಕ ಎಲ್ಲರೂ ಚೀಟಿ ಚೀಟಿ ನೋಡಿದ್ರು, ಸಿಗಲಿಲ್ಲ, ಕೈಯಿಂದ ಕಟ್ಟಿದೆ. ಗನ್ ಡ್ರಿಲ್‌ನಲ್ಲಿ ತಪ್ಪಾದಾಗ ಬೈಗುಳ ಸಿಗ್ತಿತ್ತು, ಬೈಸ್ಕೊಂಡ್ರೆ ಮುಗೀತು. ಇಲ್ಲಿ ಯಾರೂ ಒಂದು ಮಾತು ಬಯ್ಯಲಿಲ್ಲ. ಅದಕ್ಕೇ ರಾತ್ರಿ ನಿದ್ದೆ ಬರಲಿಲ್ಲ.

ಎರಡು ವಿಷಯ ಮರೀಬೇಡ. ನಾವು ಆಫೀಸರ್ ದರ್ಜೆಗಿಂತ ಕೆಳಗೆ ನಿವೃತ್ತರಾದವರು. ಮತ್ತೆ ಸರ್ಕಾರಿ ಕೆಲಸಕ್ಕೆ ಸೇರಿದ್ರೆ ಹೊಸ ಸಂಬಳ ನಿಗದಿ ಮಾಡುವಾಗ ನಮ್ಮ ಪೆನ್ಶನ್ನನ್ನು ಲೆಕ್ಕಕ್ಕೆ ಹಿಡಿದು ಕಳೆಯೋದಿಲ್ಲ. ಎರಡನೆಯದು, ಎಷ್ಟೋ ಜನ ಬಿದ್ದ ಗುಂಡಿ: ಮೀಸಲಾತಿಯಲ್ಲಿ ಒಂದು ಸರ್ಕಾರಿ ಕೆಲಸ ಹಿಡಿದ್ರೆ ಆ ಮೀಸಲಾತಿ ಅಲ್ಲಿಗೇ ಮುಗೀತು. ಆದ್ರೆ ಕೇಂದ್ರ ಸರ್ಕಾರದ 2014ರ ಆದೇಶದ ಪ್ರಕಾರ, ಸೇರುವ ಮೊದಲು ಬೇರೆ ಎಲ್ಲೆಲ್ಲಿ ಅರ್ಜಿ ಹಾಕಿದ್ದೀಯೋ ಅದನ್ನು ತಾರೀಖು ಸಮೇತ ಬರೆದು, ಸೇರಿದ ಕೂಡಲೇ ಆ ಆಫೀಸಿಗೆ ಘೋಷಣೆ ಕೊಟ್ರೆ, ಆ ಅರ್ಜಿಗಳ ಮಟ್ಟಿಗೆ ಮೀಸಲಾತಿ ಉಳೀತದೆ. ನನ್ನ ಜೊತೆಯವನೊಬ್ಬ ಯಾವುದೋ ಕಚೇರಿಯಲ್ಲಿ ಅಟೆಂಡರ್ ಆಗಿ ಅವಸರದಲ್ಲಿ ಸೇರಿದ, ಆ ಪತ್ರ ಕೊಡಲಿಲ್ಲ. ಎರಡು ತಿಂಗಳಾದ ಮೇಲೆ ಬ್ಯಾಂಕಿನ ಫಲಿತಾಂಶ ಬಂತು. ಈಗಲೂ ಅಲ್ಲೇ ಫೈಲ್ ಹೊರ್ತಿದ್ದಾನೆ.

ತೋಟ ಎಲ್ಲಿಗೂ ಓಡಿ ಹೋಗೋದಿಲ್ಲ. ಪರೀಕ್ಷೆಗೆ ವಯಸ್ಸು ಓಡ್ತದೆ. ಮೊದಲು ಬರಿ.

ಓಟಿ_28_ಸುಂಟಿಕೊಪ್ಪ:

ತೋಟ ಎಲ್ಲಿಗೂ ಓಡಿ ಹೋಗೋದಿಲ್ವಾ ಸಾಬ್? ಪ್ರಶ್ನೆ ಕೇಳಿದವರು ಮಕ್ಕಂದೂರಿನವರು. ಅವರ ಒಂದು ಎಕರೆ ಓಡಿ ಹೋಗಿ ಏಳು ವರ್ಷ ಆಯ್ತು, ಸರಿಯಾಗಿ ಓದಿ.

ತಮಾಷೆಗೆ ಹೇಳಿದೆ, ನಿಮ್ಮ ಉಳಿದ ಮಾತೆಲ್ಲ ಒಪ್ಪಿದೆ. ನಾನು ಸೇನೆಯ ರಿಪೇರಿ ವಿಭಾಗ ಇಎಂಇಯಲ್ಲಿ ವೆಹಿಕಲ್ ಮೆಕ್ಯಾನಿಕ್ ಇದ್ದವ, 17 ವರ್ಷಕ್ಕೆ ಬಂದು ನೇರ ತೋಟಕ್ಕೆ ಇಳಿದೆ. ಲೆಕ್ಕ ಮುಚ್ಚುಮರೆ ಇಲ್ಲದೆ ಹೇಳ್ತೇನೆ.

ಮಳೆ ನಂಬಿದ ಮೂರು ಎಕರೆ ರೋಬಸ್ಟಾ. ಎಕರೆಗೆ 12 ಮೂಟೆ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, ಅಂತ ಹಿಡಿಯಿರಿ, ಒಟ್ಟು 36. ಮೂಟೆಗೆ 10,000 ಸಿಕ್ಕಿದ್ರೆ 3 ಲಕ್ಷ 60 ಸಾವಿರ. ಗೊಬ್ಬರ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು), ಕಳೆ, ಕೊಯ್ಲು, ಒಣಗಿಸೋದು ಅಂತ ಅರ್ಧ ಹೋಗ್ತದೆ. ಇದು 2024ರಿಂದೀಚೆ ರೇಟು ಏರಿದ ಮೇಲಿನ ಲೆಕ್ಕ. ನಾನು 2019-20ರಲ್ಲಿ ಮಾರಿದ್ದು ಮೂರೂವರೆ ಸಾವಿರದ ಆಸುಪಾಸಿನಲ್ಲಿ. ಅದೇ 36 ಮೂಟೆಗೆ 1 ಲಕ್ಷ 26 ಸಾವಿರ, ಖರ್ಚು ಮಾತ್ರ ಕಮ್ಮಿ ಆಗಲಿಲ್ಲ. ಆ ವರ್ಷ ಮನೆ ನಡೆದದ್ದು ಪೆನ್ಶನ್ನಿನಲ್ಲಿ. ಈಗಿನ ರೇಟು ನೋಡಿ ಕೆಲಸ ಬಿಟ್ಟು ತೋಟಕ್ಕೆ ಬರೋ ಹುಡುಗರನ್ನು ಕಂಡ್ರೆ ನನಗೆ ಭಯ ಆಗ್ತದೆ.

ಒಂದು ಉಪಾಯ ಮಾತ್ರ ಹೇಳಿಕೊಡ್ತೇನೆ, ನನಗೆ ನಾಲ್ಕು ವರ್ಷ ಯಾರೂ ಹೇಳಲಿಲ್ಲ. ವ್ಯಾಪಾರಿ ಚೆರಿಗೆ ದುಡ್ಡು ಕೊಡೋದು ಮೂಟೆ ಲೆಕ್ಕದಲ್ಲಿ ಅಂತ ನಾವು ತಿಳ್ಕೊಂಡಿರ್ತೇವೆ. ಅಲ್ಲ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, 50 ಕೆ.ಜಿ. ಮೂಟೆಯಲ್ಲಿ ಬೇಳೆ ಎಷ್ಟು ಕೆ.ಜಿ. ಬರ್ತದೆ ಅಂತ ನೋಡ್ತಾನೆ. ಅದೇ ಔಟ್‌ಟರ್ನ್, ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಓಟಿ. ಓಟಿಗೆ 380 ರೂಪಾಯಿ ಅಂದ್ರೆ, ನಿಮ್ಮದು 26 ಬಂದ್ರೆ ಮೂಟೆಗೆ 9,880, ಅದೇ 28 ಬಂದ್ರೆ 10,640. 36 ಮೂಟೆಗೆ ವ್ಯತ್ಯಾಸ 27,360. ಇದು ಪೂರ್ತಿ ಇರೋದು ಕೊಯ್ಲಿನಲ್ಲಿ, ಕಣದಲ್ಲಿ. ಹಸಿರು ಕಾಯಿ ಸೇರಿಸಿ ಬಾಚಿದ್ರೆ ಹೋಯ್ತು. ಅರ್ಧ ಒಣಗಿದ್ದನ್ನು ಮೂಟೆ ಕಟ್ಟಿದ್ರೂ ಹೋಯ್ತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ರೆ ಒಳಗಿನ ಬೇಳೆ ಗಿಲಗಿಲ ಅನ್ನಬೇಕು. ನಿಮ್ಮ ಅಪ್ಪನಿಗೆ ಅದು ಗೊತ್ತಿರ್ತದೆ, ಪಕ್ಕದಲ್ಲಿ ಕೂತು ಕೇಳಿಸ್ಕೊಳ್ಳಿ.

ಇನ್ನು ಆಳುಗಳ ವಿಷಯ. ಮೊದಲ ವರ್ಷ ನಾನು ಬೆಳಿಗ್ಗೆ ಏಳಕ್ಕೆ ಎಲ್ಲರನ್ನೂ ಲೈನ್ ಮನೆ ಮುಂದೆ ಸಾಲಾಗಿ ನಿಲ್ಲಿಸಿ ಹಾಜರಿ ಕೂಗಿದೆ. ತಡವಾಗಿ ಬಂದ ಒಬ್ಬಳಿಗೆ ಅರ್ಧ ಕೂಲಿ ಹಿಡೀತೇನೆ ಅಂದೆ. ಮರುದಿನ ಎಂಟು ಜನ ಪಕ್ಕದ ತೋಟದಲ್ಲಿ ಕೊಯ್ತಾ ಇದ್ರು. ಬೇಲಿ ಆಚೆಯಿಂದ ಒಬ್ಬಳು ಕೂಗಿ ಹೇಳಿದ್ಲು, ‘ಯಜಮಾನ್ರೇ, ಇಲ್ಲಿ ಸಾಲು ನಿಲ್ಸಲ್ಲ’. ಹಣ್ಣು ನೆಲಕ್ಕೆ ಬೀಳೋಕೆ ಶುರುವಾದ ಮೇಲೆ ಮೇಸ್ತ್ರಿಯನ್ನು ಕರ್ಕೊಂಡು ಹೋಗಿ ಮನೆ ಮನೆ ಬಾಗಿಲಲ್ಲಿ ನಿಂತೆ. ಈಗ ನಾನು ಹಾಜರಿ ಕೂಗೋದಿಲ್ಲ. ಹತ್ತೂವರೆಗೆ ಚಾ ಕೊಡ್ತೇನೆ, ಆ ಹೊತ್ತಿಗೆ ಲೋಟ ಎಣಿಸಿದ್ರೆ ಹಾಜರಿ ಸಿಗ್ತದೆ.

ಬಾವನಿಗೆ ಒಂದು ಮಾತು ಹೇಳಿ: ನನ್ನ ಗೆಳೆಯ 2018ರ ಜೂನಿನಲ್ಲಿ ಹೋಂಸ್ಟೇ ಉದ್ಘಾಟನೆ ಮಾಡಿದ. ಆಗಸ್ಟಿನಲ್ಲಿ ರಸ್ತೆಯೇ ಇರಲಿಲ್ಲ. ಎರಡು ವರ್ಷ ಹೇಗೋ ತಳ್ಳಿ ಇನ್ನೇನು ಚೇತರಿಸ್ಕೊಂಡ ಅನ್ನುವಾಗ ಕೊರೋನಾ. ಅರ್ಧ ಪೆನ್ಶನ್ ಕಮ್ಯೂಟ್ ಮಾಡಿಸಿದ್ದ. ಅದು ವಾಪಸ್ ಪೂರ್ತಿ ಆಗೋಕೆ 15 ವರ್ಷ ಕಾಯಬೇಕು. ಕಟ್ಟಲೇಬಾರದು ಅಂತಲ್ಲ. ಬಂದ ವರ್ಷವೇ ಕಟ್ಟಬೇಡಿ.

ಪೇಟೆ_ಹುಡುಗ_ವಿರಾಜಪೇಟೆ:

ಇಷ್ಟೆಲ್ಲ ಹೇಳಿದ್ರಿ, ಮುಖ್ಯವಾದ್ದನ್ನು ಯಾರೂ ಹೇಳಲಿಲ್ಲ. ಊರಿಗೆ ಬಂದ ಮೊದಲ ತಿಂಗಳು ಹಳೇ ಗೆಳೆಯರು, ದೂರದ ನೆಂಟರು, ಒಂದನೇ ಕ್ಲಾಸಿನಲ್ಲಿ ಜೊತೆಗಿದ್ದವರು ಎಲ್ಲರೂ ಕ್ಷೇಮ ಸಮಾಚಾರ ಕೇಳ್ಕೊಂಡು ಬರ್ತಾರೆ. ಎರಡನೇ ಮಾತು ‘ಮಿಲಿಟರಿ ಕ್ಯಾಂಟೀನಿನ ಕೋಟಾ ಎಷ್ಟು ಬಾಟ್ಲಿ ಸಿಗ್ತದೆ?’ ನಮ್ಮ ದೊಡ್ಡಪ್ಪ ‘ಬಾಟ್ಲಿ ಇಲ್ಲ’ ಅಂತ ಬೇಲಿಗೆ ಬೋರ್ಡ್ ಹಾಕೋದೊಂದು ಬಾಕಿ.

ಕುಶಾಲನಗರದ_ಅಕ್ಕ:

ಎಲ್ಲ ಗಂಡಸರೇ ಬರೆದಿದ್ದೀರಿ, ಅದಕ್ಕೆ ಬರೀತಿದ್ದೇನೆ. ನಮ್ಮವರು ಸಿಗ್ನಲ್ಸ್‌ನಿಂದ 2021ರಲ್ಲಿ ಬಂದ್ರು. ಈಗ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಗೋಡೌನ್ ನೋಡ್ಕೊಳ್ತಾರೆ, ಆರಾಮಾಗಿದ್ದಾರೆ. ಆದ್ರೆ ಮೊದಲ ಎಂಟು ತಿಂಗಳು ನಮ್ಮ ಮನೆಯಲ್ಲಿ ಏನಾಯ್ತು ಅಂತ ಯಾವ ಕೋರ್ಸಿನಲ್ಲೂ ಹೇಳಿಕೊಡಲ್ಲ.

18 ವರ್ಷ ಮನೆ ನಡೆಸಿದವಳು ನಾನು. ಗ್ಯಾಸ್ ಯಾವಾಗ ಬುಕ್ ಮಾಡಬೇಕು, ಮಗನಿಗೆ ಜ್ವರ ಬಂದ್ರೆ ಯಾವ ಡಾಕ್ಟರು, ಹಾಲಿನವನ ಲೆಕ್ಕ, ಎಲ್ಲ ನನ್ನ ತಲೆಯಲ್ಲಿ. ಇವರು ಬಂದ ನಾಲ್ಕನೇ ದಿನ ಅಡುಗೆಮನೆ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದ್ರು. ಸಾಸಿವೆ ಹುಡುಕೋಕೆ ನನಗೆ ಅರ್ಧ ಗಂಟೆ. ಮಗನ ಕಪಾಟು ಕಿಟ್ ಲೇಔಟ್ ಹಾಗೆ, ಬನಿಯನ್ ಒಂಬತ್ತು ಇಂಚಿಗೆ ಮಡಚಿ, ಅಳತೆಗೆ ಸ್ಕೇಲು ಬೇರೆ. ಮಗ ಪಿಯುಸಿ ಹುಡುಗ, ‘ಅಮ್ಮ, ಅಪ್ಪ ಯಾವಾಗ ವಾಪಸ್ ಹೋಗ್ತಾರೆ?’ ಅಂತ ಕೇಳಿಯೇಬಿಟ್ಟ. ಅವರು ಬಾಗಿಲ ಹತ್ರ ನಿಂತಿದ್ರು, ಕೇಳಿಸ್ತು. ಆವತ್ತು ರಾತ್ರಿ ಊಟ ಮಾಡಲಿಲ್ಲ. ತಪ್ಪು ಯಾರದ್ದೂ ಅಲ್ಲ. ಅವರಿಗೆ ಈ ಮನೆಯಲ್ಲಿ ಜಾಗ ಎಲ್ಲಿ ಅಂತ ನಾವು ಯಾರೂ ಯೋಚನೆ ಮಾಡಿರಲೇ ಇಲ್ಲ.

ನಿಮ್ಮ ಪ್ರಶ್ನೆಯಲ್ಲಿ ಅಪ್ಪ ಏನಂತಾರೆ, ಬಾವ ಏನಂತಾರೆ, ಗೆಳೆಯರು ಏನಂತಾರೆ ಅಂತ ಬರೆದಿದ್ದೀರಿ. ಟೀಚರ್ ಏನಂತಾರೆ ತಮ್ಮ? ಒಂದು ಸಾಲೂ ಇಲ್ಲ. ಮಗಳು ಬರೋ ವರ್ಷ ಎಸ್ಸೆಸ್ಸೆಲ್ಸಿ. ಮೊದಲು ಅವರನ್ನು ಕೇಳಿ.

ಇನ್ನೊಂದು, ಇದು ಕಾಗದದ ವಿಷಯ. ಕೊಡಗಿನವರಿಗೆ ಮನೆತನದ ಹೆಸರಿನ ರಗಳೆ ಉಂಟಲ್ಲ. ಭರ್ತಿ ಆಗುವಾಗ ಬರೀ ಹೆಸರು, ಆಧಾರಿನಲ್ಲಿ ಮನೆತನ ಮುಂದೆ, ಬ್ಯಾಂಕಿನಲ್ಲಿ ಇನಿಷಿಯಲ್ ಹಿಂದೆ. ನಮ್ಮವರ ದಾಖಲೆಯಲ್ಲಿ ನನ್ನ ಹೆಸರು ಮದುವೆಗೆ ಮುಂಚಿನದ್ದು, ಹುಟ್ಟಿದ ತಾರೀಖಿನಲ್ಲಿ ತಿಂಗಳು ತಪ್ಪು. ಸೇವೆಯಲ್ಲಿದ್ದಾಗ ಆಗಿದ್ರೆ ಯೂನಿಟ್ಟಿನಲ್ಲೇ ದಾಖಲೆ ತಿದ್ದುವ ಪಾರ್ಟ್ ಟೂ ಆರ್ಡರ್ ಮಾಡಿಸಿ ಮುಗೀತಿತ್ತು. ಬಂದ ಮೇಲೆ ಅಫಿಡವಿಟ್ಟು, ಪತ್ರಿಕೆ ಪ್ರಕಟಣೆ, ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಿಂದ ಸೇನೆಯ ರೆಕಾರ್ಡ್ಸ್ ಆಫೀಸಿಗೆ, ಅಲ್ಲಿಂದ ವಾಪಸ್. ಹತ್ತು ತಿಂಗಳು ಓಡಾಡಿದೆವು. ಮಾಜಿ ಸೈನಿಕರ ಚಿಕಿತ್ಸೆಯ ಇಸಿಎಚ್‌ಎಸ್ ಕಾರ್ಡಿಗೂ ಅದೇ ಹೆಸರು ಬೇಕು, ಮಕ್ಕಳ ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೂ ಅದೇ. ನಿಮ್ಮ ಮಗಳಿಗೆ ಮುಂದೆ ವೃತ್ತಿಪರ ಕೋರ್ಸಿಗೆ ಹೋದಾಗ ಸಿಕ್ಕಿದ್ರೆ ತಿಂಗಳಿಗೆ 3,000. ಬಿಡೋ ದುಡ್ಡಲ್ಲ.

ನಾಲ್ಕು_ವರ್ಷದವನ_ಅಣ್ಣ:

ಮಧ್ಯೆ ಬಾಯಿ ಹಾಕ್ತಿದ್ದೇನೆ. ನನ್ನ ತಮ್ಮ ಅಗ್ನಿವೀರ್, ಮೊದಲ ಬ್ಯಾಚು. ಅವನಿಗೂ ಈ ಬ್ಯಾಂಕ್ ಮೀಸಲಾತಿ ಸಿಗ್ತದಾ?

ಕೌಂಟರ್_3_ಗೋಣಿಕೊಪ್ಪ:

ಅಣ್ಣ, ಅದು ಬೇರೆ ದಾರಿ. 2022ರಲ್ಲಿ ಯೋಜನೆ ಬಂದಾಗಿನ ನಿಯಮದಲ್ಲಿ ನಾಲ್ಕು ವರ್ಷಕ್ಕೆ ಹೊರಗೆ ಬರುವವರಿಗೆ ಪೆನ್ಶನ್ ಇಲ್ಲ, ಮಾಜಿ ಸೈನಿಕ ಸ್ಥಾನಮಾನ ಇಲ್ಲ, ಕ್ಯಾಂಟೀನ್ ಇಲ್ಲ, ಇಸಿಎಚ್‌ಎಸ್ ಇಲ್ಲ. ಹಾಗಾಗಿ ನಾವು ಹೇಳಿದ ಮೀಸಲಾತಿ ಅಂತ ನಂಬಿ ಕೂರಬೇಡಿ. ಸೇವಾನಿಧಿ ಅಂತ ಸುಮಾರು 11.71 ಲಕ್ಷ ಬರ್ತದೆ. ಶೇ. 25ರವರೆಗೆ ಜನರನ್ನು ಉಳಿಸಿಕೊಳ್ತಾರೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅವರಿಗೇ ಅಂತ ಶೇ. 10 ಮೀಸಲಾತಿ ಘೋಷಣೆ ಆಗಿತ್ತು. ನಿಮ್ಮ ತಮ್ಮನಿಗೆ 22, 23 ಇರಬಹುದು, ನಮ್ಮ ಹಾಗೆ ಮೊಣಕಾಲು ನೋವಿಲ್ಲ. ಆ ದುಡ್ಡನ್ನು ಬೈಕಿಗೆ ಹಾಕದ ಹಾಗೆ ನೋಡ್ಕೊಳ್ಳಿ.

ಮತ್ತೆ ಓಟಿ 28ನವರೇ, ಒಪ್ಪಿದೆ, ತೋಟ ಓಡ್ತದೆ. ಬರೆಯುವಾಗ ಹೊಳೀಲಿಲ್ಲ. ಆದ್ರೂ ಪರೀಕ್ಷೆ ಬರೀಲಿ.

ತಂಬಿ_ಮಕ್ಕಂದೂರು:

ಸಾಬ್, ಅಣ್ಣ, ಅಕ್ಕ, ಎಲ್ಲರಿಗೂ. ನಿನ್ನೆ ರಾತ್ರಿ ಡ್ಯೂಟಿ ಮುಗಿಸಿ ಎರಡು ಸಲ ಓದಿದೆ.

ಅಕ್ಕ ಹೇಳಿದ ಮೇಲೆ ಮನೆಗೆ ಫೋನ್ ಮಾಡಿ ಕೇಳಿದೆ, ನೀನು ಏನಂತೀಯ ಅಂತ. ಸ್ವಲ್ಪ ಹೊತ್ತು ಮಾತೇ ಇಲ್ಲ. ನೆಟ್‌ವರ್ಕ್ ಹೋಯ್ತು ಅಂದ್ಕೊಂಡೆ. ಆಮೇಲೆ, ‘11 ವರ್ಷದಿಂದ ಹುತ್ತರಿಗೆ ನೀವಿಲ್ಲ. ಮಗಳ ಪರೀಕ್ಷೆ ಮುಗಿಯೋ ತನಕ ಕಲಬುರಗಿಗೂ ಬೇಡ, ಬೆಂಗಳೂರಿಗೂ ಬೇಡ. ಅವಳ ಜೊತೆ ಕೂತು ನೀವೂ ಲೆಕ್ಕ ಮಾಡಿ, ಅವಳಿಗೂ ಗಣಿತ ಕಷ್ಟ’ ಅಂದ್ಲು. ಬೆಳಿಗ್ಗೆ ಮಕ್ಕಂದೂರು, ಸಂಜೆ ಕುಶಾಲನಗರ ಅಂತ ಆಗಲೇ ಬಸ್ ಟೈಮ್ ಸಮೇತ ಲೆಕ್ಕ ಹಾಕಿಟ್ಟಿದ್ಲು. ಎಷ್ಟು ದಿನದಿಂದ ಇಟ್ಟಿದ್ಲೋ ಗೊತ್ತಿಲ್ಲ. ಬೆಂಗಳೂರಿನವರಿಗೆ ಸದ್ಯ ಬೇಡ ಅಂತ ಹೇಳಿದೆ. ಬಾವನಿಗೆ ಇನ್ನೂ ಹೇಳಿಲ್ಲ.

ಕಂಪನಿ ಕ್ಲರ್ಕ್ ಹತ್ರ ಹೋಗಿ ನನ್ನ ದಾಖಲೆ ತೆಗೆಸಿ ನೋಡಿದೆ. ಎಜುಕೇಶನ್ ಸರ್ಟಿಫಿಕೇಟ್ ನಮೂದಾಗಿದೆ, ಪ್ರತಿ ಕೇಳಿದ್ದೇನೆ. ಹೆಂಡತಿಯ ಹೆಸರು ಸರಿ ಇದೆ. ಮಗಳದ್ದು ಹುಟ್ಟಿದ ತಾರೀಖು ಸರಿ, ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು. ಅವ್ವನ ಹೆಸರು ಮಾತ್ರ ಪೂರ್ತಿ ಬೇರೆ. 2002ರಲ್ಲಿ ಭರ್ತಿ ಮಾಡಿಸಿದವರು ಕೇಳಿದಾಗ ನಾನು ಮನೆಯಲ್ಲಿ ಕರೆಯೋ ಹೆಸರು ಹೇಳಿಬಿಟ್ಟಿದ್ದೆ, ‘ಅಕ್ಕಮ್ಮ’ ಅಂತ. 24 ವರ್ಷ ಹಾಗೇ ನಡ್ಕೊಂಡು ಬಂದಿದೆ. ಕ್ಲರ್ಕ್ ಒಬ್ಬ ಕೇರಳದ ಹುಡುಗ, ಸೋಮವಾರ ಆಧಾರ್ ಪ್ರತಿ ತನ್ನಿ ಅಂದಿದ್ದಾನೆ. ಅವ್ವನ ಆಧಾರ್ ಮಕ್ಕಂದೂರಿನಲ್ಲಿ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಅಪ್ಪನಿಗೆ ಫೋಟೋ ತೆಗೆದು ಕಳಿಸೋಕೆ ಬರಲ್ಲ. ಶನಿವಾರ ಮಗಳು ಊರಿಗೆ ಹೋಗ್ತಾಳೆ.